ಮಾವನನ್ನು ಸೋಲಿಸುವ ಉಪಾಯ

ಗುರುವಾರ, ಮಧ್ಯಾಹ್ನ

ಪ್ರೀತಿಯ ಗೋಡೆಗೆ,

ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಇದ್ದರೂ ಇರಬಹುದು ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನಮ್ಮ ಫೋನಿನ ಆಟದಲ್ಲಿ ನಿನಗೆ ಆ ಹೆಸರಿಟ್ಟವನು ನನ್ನ ತಮ್ಮ. ಸಂಸಾರದಲ್ಲಿ ಅದು ಇನ್ನೂ ಚೆನ್ನಾಗಿ ಒಪ್ಪುತ್ತದೆ ಎಂದವಳು ನಾನು. ನೀನು ಸ್ಪ್ಯಾನರ್ ಒರೆಸುತ್ತಾ ನಕ್ಕಿದ್ದೆ, ಅಷ್ಟೇ. ಒಂದು ಮಾತು ತಿರುಗಿ ಆಡಿದ್ದರೆ ನನಗೂ ಸಮಾಧಾನವಾಗುತ್ತಿತ್ತು.

ಫೋನ್ ಮಾಡಬಹುದಿತ್ತು. ಮಾಡಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತು. ಹಲೋ ಅನ್ನುವಷ್ಟರಲ್ಲಿ ನಾನು ಒಂದು ಚುಚ್ಚು ಮಾತು ಆಡಿರುತ್ತೇನೆ, ನೀನು ಆ ಕಡೆ ಸುಮ್ಮನಾಗಿರುತ್ತೀಯ, ನೀನು ಸುಮ್ಮನಾದದ್ದಕ್ಕೇ ನನಗೆ ಮೈ ಉರಿದು ಇನ್ನೊಂದು ಅಂದಿರುತ್ತೇನೆ. ಆಟದ ಚಾಟಿನಲ್ಲಾದರೆ ಒಂದು ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಅದಕ್ಕೆ ಈ ಕಾಗದ. ಬೇಕರಿಯವನ ವ್ಯಾನು ನಿಮ್ಮ ಲಿಫ್ಟ್ ಕಂಪನಿಯ ಕ್ಯಾಂಟೀನಿಗೆ ಬ್ರೆಡ್ ಹಾಕಲು ಬರುತ್ತದಲ್ಲ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಓದುವಾಗ ಅವನು ಎದುರಿಗೇ ನಿಂತಿರುತ್ತಾನೆ. ಅವನ ಮುಖ ನೋಡಬೇಡ, ಅವನನ್ನು ಏನೂ ಕೇಳಬೇಡ. ಮೊದಲು ಇದನ್ನು ಪೂರ್ತಿ ಓದು.

ವಿಷಯ ಇಷ್ಟೇ. ನೀನು ಆಟಕ್ಕೆ ವಾಪಸ್ ಬರಬೇಕು. ಈ ತಿಂಗಳ ಕೊನೆಗೆ ಮಾವನನ್ನು ಆಟದಿಂದ ತೆಗೆದು ಬೇರೆ ಯಾವುದೋ ರಾಕ್ಷಸನನ್ನು ತರುತ್ತಾರಂತೆ. ನಾವು ಅವನನ್ನು ಇನ್ನೂ ಸೋಲಿಸಿಲ್ಲ. ಕೊನೆಯ ಹಂತದ ಆ ರಾಕ್ಷಸನಿಗೆ ಮಾವ ಎಂದು ಹೆಸರಿಟ್ಟವನು ನೀನೇ. ಹುಬ್ಬು ಗಂಟಿಕ್ಕಿಕೊಂಡು ಸೇತುವೆಯ ಬಾಯಲ್ಲಿ ನಿಂತ ಭಂಗಿ ಥೇಟ್ ನನ್ನ ಅಪ್ಪನದು ಅಂದಿದ್ದೆ. ಸತ್ತು ಇಷ್ಟು ವರ್ಷವಾದ ಮೇಲೂ ಅಳಿಯನ ಬಾಯಿಗೆ ಬೀಳುವ ಯೋಗ ಅಪ್ಪನಿಗೆ. ತಮ್ಮನೂ ಅವನನ್ನು ಮಾವ ಎಂದೇ ಕರೆಯುತ್ತಾನೆ. ಹೆತ್ತಪ್ಪನನ್ನು ಹಾಗೆ ಕರೆಯಲು ಸಿಕ್ಕ ಅವಕಾಶ ಅವನು ಬಿಟ್ಟಾನೆಯೇ.

ಬೆರಳಿಗೆ ವ್ಯಾಯಾಮವಾಗಲಿ ಎಂದು ಈ ಆಟವನ್ನು ಅವನ ಫೋನಿಗೆ ಹಾಕಿಕೊಟ್ಟವನೂ ನೀನೇ. ರಬ್ಬರ್ ಚೆಂಡು ಹಿಸುಕಲು ಕೊಟ್ಟರೆ ಹಿಸುಕುತ್ತಿರಲಿಲ್ಲ, ಗಿರಾಕಿಗಳ ಮುಂದೆ ಮಗುವಿನ ಹಾಗೆ ಚೆಂಡು ಹಿಡಿದು ಕೂರಲು ನಾಚಿಕೆ ಎನ್ನುತ್ತಿದ್ದ. ಬಿಲ್ಲು ಬಾಣ ಕೊಟ್ಟ ಮೇಲೆ ಅವನನ್ನು ನಿಲ್ಲಿಸುವುದೇ ಕಷ್ಟವಾಯಿತು. ಕ್ಷೌರದವನಿಗೆ ಕತ್ತರಿ ಎಂಬ ಹೆಸರು, ಲಿಫ್ಟ್ ರಿಪೇರಿಯವನಿಗೆ ಗೋಡೆ, ಗಾಯ ಮಾಯಿಸುವ ನನಗೆ ಮುಲಾಮು. ಆ ದಿನಗಳಲ್ಲಿ ಮನೆಯಲ್ಲಿ ಮೂವರೂ ಮೂರು ಫೋನ್ ಹಿಡಿದು ಬೈದಾಡಿಕೊಂಡು ಕೂತಿರುತ್ತಿದ್ದೆವು. ಒಲೆಯ ಮೇಲೆ ಹಾಲು ಉಕ್ಕಿ ಹೋಗುತ್ತಿತ್ತು.

ನೀನು ಹೋದ ಮೇಲೆ ಗೋಡೆಯ ಜಾಗಕ್ಕೆ ಬೇಕರಿಯವನನ್ನು ನಿಲ್ಲಿಸಿದೆವು. ಗೊತ್ತಲ್ಲ, ತಲೆಯಲ್ಲಿ ಕೂದಲಿಲ್ಲದಿದ್ದರೂ ವಾರಕ್ಕೊಮ್ಮೆ ತಮ್ಮನ ಸಲೂನಿಗೆ ಬಂದು ಕೂತು ಹೋಗುತ್ತಿದ್ದವನು. ಒಳ್ಳೆಯವನು. ಆದರೆ ಒಳ್ಳೆಯತನದಿಂದ ಗುರಾಣಿ ಹಿಡಿಯಲು ಬರುವುದಿಲ್ಲ. ಮಾವ ಒಂದು ಹೆಜ್ಜೆ ಇಟ್ಟರೆ ಸಾಕು, ಇವನು ನಿಂತ ಜಾಗ ಬಿಟ್ಟು ಎದುರಿಗೇ ಓಡುತ್ತಾನೆ. ಯಾಕಪ್ಪಾ ಎಂದು ಕೇಳಿದರೆ, ಓವನ್ ಮುಂದೆ ನಿಂತು ನಿಂತು ಅಭ್ಯಾಸ ಆಗಿಬಿಟ್ಟಿದೆ ಅಕ್ಕಾ, ಏನೋ ಸೀಯ್ತಿದೆ ಅನ್ನಿಸಿದ್ರೆ ಕಾಲು ತಾನಾಗೇ ಓಡುತ್ತೆ ಅನ್ನುತ್ತಾನೆ. ಅವನಿಗೆ ತಮ್ಮ ಇಟ್ಟ ಹೆಸರು ಬನ್ನು. ಮಾವನ ಒಂದೇ ಗುದ್ದಿಗೆ ಬನ್ನು ಚಪ್ಪಟೆ. ನಾನು ಹಿಂದಕ್ಕೆ ಬನ್ನಿ ಎಂದರೆ ಅವನು ಮುಂದಕ್ಕೆ ಹೋಗುತ್ತಾನೆ, ತಮ್ಮ ಎಡಕ್ಕೆ ಅಂದರೆ ನಾನು ಬಲಕ್ಕೆ ಹೋಗಿರುತ್ತೇನೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವುದು ನಮ್ಮನ್ನು ನೋಡಿಯೇ ಮಾಡಿದ ಗಾದೆ.

ತಮ್ಮನ ಸ್ಥಿತಿ ಹೇಳಲಿಲ್ಲ ಅಂದುಕೊಳ್ಳುತ್ತೀಯ. ಹೇಳುತ್ತೇನೆ. ಸಲೂನು ಮುಚ್ಚಿದಾಗ ಮನೆಗೆ ತಂದ ಕುರ್ಚಿಯಲ್ಲೇ ಅವನ ದಿನವೆಲ್ಲ ಕಳೆಯುತ್ತಿತ್ತು. ನೀನು ಅದರ ಪಂಪಿಗೆ ಹಾಕಿದ ವಾಷರ್ ಇನ್ನೂ ಸೋರಿಲ್ಲ. ಬೆಳಿಗ್ಗೆ ಪೆಡಲ್ ತುಳಿದು ಅವನನ್ನು ಕಿಟಕಿಯ ಎತ್ತರಕ್ಕೆ ಏರಿಸಿ, ತಲೆಯಾಸರೆ ಸರಿಮಾಡಿ, ನಾನು ಕನ್ನಡಕದ ಅಂಗಡಿಗೆ ಹೋಗುತ್ತಿದ್ದೆ. ನೀನು ಒಬ್ಬನೇ ಅವನನ್ನು ಎತ್ತುತ್ತಿದ್ದೆಯಲ್ಲ, ಈಗ ನಾನೂ ಬೇಕರಿಯವನೂ ಸೇರಿ ಎತ್ತಿದರೂ ಇಬ್ಬರಿಗೂ ಏದುಸಿರು. ಎಡಗೈ ನೀನಿದ್ದಾಗಲೇ ಹೋಗಿತ್ತು. ಬಲಗೈಯಲ್ಲಿ ಹೆಬ್ಬೆರಳೊಂದು ಉಳಿದಿತ್ತು. ಬೇಕರಿಯವನು ಕೇಕಿಗೆ ಕ್ರೀಮ್ ಹಚ್ಚುವಾಗ ತಿರುಗಿಸುವ ತಟ್ಟೆಯೊಂದನ್ನು ತಂದು ಫೋನನ್ನು ಅದಕ್ಕೆ ಅಂಟಿಸಿ ಕೊಟ್ಟ. ಹೆಬ್ಬೆರಳು ಹೋಗಲಾರದ ಮೂಲೆಯನ್ನು ತಟ್ಟೆ ತಿರುಗಿಸಿ ಹೆಬ್ಬೆರಳ ಬಳಿಗೇ ತರುತ್ತಿದ್ದೆವು. ಮಾತು ಬಹಳ ಕೆಟ್ಟಿದೆ. ನನಗೊಬ್ಬಳಿಗೆ ತಿಳಿಯುತ್ತದೆ, ಮಿಕ್ಕವರಿಗೆ ನಾನು ಬಿಡಿಸಿ ಹೇಳಬೇಕು. ಈಗ ಮಲಗಿದ್ದಾನೆ.

ಇನ್ನು ಉಪಾಯ. ಲಿಫ್ಟಿನ ವೈರಿಂಗ್ ನಕ್ಷೆ ಓದುವ ಹಾಗೆ ಗಮನವಿಟ್ಟು ಓದು.

ಮೊದಲ ಸುತ್ತು ನಿನಗೆ ಗೊತ್ತಿರುವುದೇ. ಸೇತುವೆಯ ಎಡಗಡೆ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲು. ಮಾವ ಕಲ್ಲು ಎಸೆಯುತ್ತಾನೆ, ಗುರಾಣಿ ಎತ್ತಿ ಹಿಡಿ, ಕದಲಬೇಡ. ಹಿಂದಿನಿಂದ ತಮ್ಮ ಅವನ ಕಣ್ಣಿಗೆ ಬಾಣ ಬಿಡುತ್ತಾನೆ. ನಾನು ಇಬ್ಬರಿಗೂ ಬೆಳಕು ಕಳಿಸಿ ಗಾಯ ಮಾಯಿಸುತ್ತಿರುತ್ತೇನೆ. ಎರಡನೆಯ ಸುತ್ತಿನಲ್ಲಿ ಬಾವಿಯಿಂದ ಮರಿರಾಕ್ಷಸರು ಹತ್ತಿ ಬರುತ್ತಾರೆ. ಅದು ಬನ್ನುವಿನ ಪಾಲು. ಕೈಯಿಂದ ಗುರಾಣಿ ಕಿತ್ತುಕೊಂಡು ಸುತ್ತಿಗೆ ಕೊಟ್ಟರೆ ಅವನು ಹಿಟ್ಟು ನಾದಿದ ಹಾಗೆ ಅವುಗಳನ್ನು ನಾದಿ ಹಾಕುತ್ತಾನೆ. ಈ ವಿಷಯದಲ್ಲಿ ಅವನ ಮೇಲೆ ನನ್ನ ದೂರಿಲ್ಲ.

ನಾವು ಸೋಲುವುದು ಮೂರನೆಯದರಲ್ಲಿ. ಮಾವ ಸರಪಳಿ ಬೀಸುತ್ತಾನೆ. ನಮ್ಮಲ್ಲಿ ಯಾರಿಗೆ ಕಸುವು ಕಡಿಮೆಯೋ ಅವರ ಕುತ್ತಿಗೆಗೇ ಅದು ಬೀಳುವುದು, ಅಂದರೆ ಪ್ರತಿ ಸಲವೂ ತಮ್ಮನಿಗೆ. ಸರಪಳಿಯಲ್ಲಿ ಸಿಕ್ಕವನಿಗೆ ಬೆಳಕು ಕೊಟ್ಟರೆ ಅದು ಅವನಲ್ಲಿ ನಿಲ್ಲುವುದಿಲ್ಲ, ಸರಪಳಿಯುದ್ದಕ್ಕೂ ಹರಿದು ಹೋಗಿ ಮಾವನ ಹೊಟ್ಟೆ ಸೇರುತ್ತದೆ. ಅವನ ಗಾಯವೆಲ್ಲ ಮಾಯ್ದು ಮೊದಲಿನಂತಾಗುತ್ತಾನೆ. ಆದರೆ ಸರಪಳಿ ಎಳೆಯುವಷ್ಟು ಹೊತ್ತು ಅವನ ಎದೆ ತೆರೆದಿರುತ್ತದೆ. ಆಗ ಮಿಕ್ಕವರು ಎದೆಗೆ ಹೊಡೆದರೆ ಮುಗಿಯಿತು. ಸರಪಳಿಯಲ್ಲಿದ್ದವನು ಬೀಳುತ್ತಾನೆ, ಬೀಳಲಿ. ಗೆದ್ದ ಮೇಲೆ ಬಿದ್ದವರೆಲ್ಲ ಎದ್ದು ಕುಣಿಯುತ್ತಾರೆ. ಆಟವಲ್ಲವೇ, ಅದಕ್ಕೆ.

ಅಂದರೆ ಆ ಹೊತ್ತಿನಲ್ಲಿ ನಾನು ಏನೂ ಮಾಡದೆ ಇರಬೇಕು, ಅಷ್ಟೇ. ಎಂಥ ಸುಲಭದ ಕೆಲಸ ನೋಡು. ಅದು ನನ್ನಿಂದ ಆಗುವುದಿಲ್ಲ. ಅವನ ಹೆಸರಿನ ಪಕ್ಕದ ಹಸಿರು ಗೆರೆ ಕೆಂಪಾಗುತ್ತಾ ಬಂದರೆ ನನ್ನ ಬೆರಳು ನನ್ನ ಮಾತು ಕೇಳುವುದಿಲ್ಲ. ಒತ್ತಿಬಿಡುತ್ತೇನೆ. ಮಾವ ಮೈಮುರಿದು ಏಳುತ್ತಾನೆ, ನಾವೆಲ್ಲ ನೆಲ ಕಚ್ಚುತ್ತೇವೆ. ಬೇಕರಿಯವನು ಹೋಗ್ಲಿ ಬಿಡಿ ಅಕ್ಕಾ ಅನ್ನುತ್ತಾನೆ. ತಮ್ಮ ಮತ್ತೆ ಶುರು ಒತ್ತುತ್ತಾನೆ. ಅಂಗಡಿಯಲ್ಲಿ ಇದೇ ಬೆರಳು ಹೀಗಲ್ಲ. ಸಾಣೆಯ ಚಕ್ರಕ್ಕೆ ಗಾಜು ಹಿಡಿದರೆ ಎಲ್ಲಿ ತೆಗೆಯಬೇಕೋ ಅಲ್ಲಿ ತೆಗೆಯುತ್ತದೆ, ಚೂರು ಹೆಚ್ಚು ಸವೆದರೂ ಗಾಜು ಫ್ರೇಮಿನಲ್ಲಿ ಲೊಡಲೊಡ ಅನ್ನುತ್ತದಲ್ಲ. ಎಲ್ಲಿ ಕೈ ತೆಗೀಬೇಕು ಅನ್ನೋದನ್ನ ಇವರನ್ನ ನೋಡಿ ಕಲೀರಿ ಎಂದು ಮಾಲೀಕರು ಹೊಸಬರಿಗೆ ಹೇಳುತ್ತಾರೆ. ಅವರು ನನ್ನ ಆಟ ನೋಡಿಲ್ಲ.

ಈ ಆಟ ಆಡುವವರದೊಂದು ದೊಡ್ಡ ಗುಂಪಿದೆ, ಅಲ್ಲೂ ಕೇಳಿದೆ. ಹೀಗೀಗೆ ಆಗುತ್ತಿದೆ, ಏನು ಮಾಡಬೇಕು ಅಂತ. ಯಾರೋ ಮುಖ ಮೂತಿ ಗೊತ್ತಿಲ್ಲದವರು ಉತ್ತರ ಕೊಟ್ಟರು: ಎಲ್ಲ ಸರಿಯಾಗಿದೆ, ನಿಮ್ಮ ಮುಲಾಮನ್ನು ಬದಲಾಯಿಸಿ. ತಮ್ಮನಿಗೆ ಓದಿ ಹೇಳಿದೆ. ಬದಲಾಯಿಸೋ ಹಾಗಿದ್ರೆ ನಾನು ಹುಟ್ಟೋಕೆ ಮುಂಚೇನೇ ಹೇಳ್ಬೇಕಿತ್ತು ಅಂದ. ಅಷ್ಟು ಹೇಳಲು ಅವನಿಗೆ ಎಷ್ಟೋ ಹೊತ್ತು ಹಿಡಿಯಿತು. ಅಷ್ಟು ಹೊತ್ತು ಕಾದು ಕೊನೆಗೆ ಸಿಕ್ಕಿದ್ದು ಈ ಬೈಗುಳ.

ಒಂದೇ ಒಂದು ಸಲ ಗೆಲುವಿನ ಬಾಗಿಲ ತನಕ ಹೋಗಿದ್ದೆವು, ನಿನಗೆ ನೆನಪಿರಬಹುದು. ಮೂರನೆಯ ಸುತ್ತಿನಲ್ಲಿ ನೀನು ಹಿಂದೆ ಸರಿಯುತ್ತಾ ಹೇಗೋ ನನಗೂ ತಮ್ಮನಿಗೂ ನಡುವೆ ಬಂದು ನಿಂತೆ. ನನ್ನ ಬೆಳಕು ನಿನ್ನ ಗುರಾಣಿಗೆ ಬಡಿದು ಅಲ್ಲೇ ಆರಿಹೋಯಿತು. ಅದು ಗುರಾಣಿ ದಾಟುವುದಿಲ್ಲ ಎಂದು ಅಲ್ಲಿಯವರೆಗೆ ನಮಗೆ ಯಾರಿಗೂ ಗೊತ್ತಿರಲಿಲ್ಲ. ಮಾವನ ಕಸುವು ಕೂದಲೆಳೆಯಷ್ಟು ಉಳಿದಿತ್ತು. ತಮ್ಮ ಕುರ್ಚಿಯಲ್ಲಿ ಕೂತು ನಗುತ್ತಿದ್ದ. ನಾನು ಅಡ್ಡ ನಿಲ್ಲಬೇಡ, ಸರಿ ಅತ್ತ, ಅವನು ಸಾಯ್ತಾನೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದೆ. ನೀನು ಸರಿದೆ.

ಆದ್ದರಿಂದ ಈ ಸಲದ ಉಪಾಯ ಇಷ್ಟೇ. ಸರಪಳಿ ಬಿದ್ದ ತಕ್ಷಣ ಕಂಬ ಬಿಟ್ಟು ಓಡಿ ಬಂದು ನನ್ನ ಮುಂದೆ ನಿಲ್ಲು. ನಾನು ಕಿರುಚುತ್ತೇನೆ. ಬಾಯಿಗೆ ಬಂದದ್ದು ಅನ್ನುತ್ತೇನೆ, ನಿನ್ನ ವಂಶದವರನ್ನೆಲ್ಲ ಎಳೆದು ತರುತ್ತೇನೆ. ನೀನು ಸರಿಯಬೇಡ.

ಒಂದು ಆಟಕ್ಕೆ ಇಷ್ಟು ರಂಪವೇಕೆ ಎಂದು ಬೇರೆಯವರು ಕೇಳಬಹುದು. ನೀನು ಕೇಳುವುದಿಲ್ಲ, ನಿನಗೆ ಅರ್ಧ ಗೊತ್ತು.

ಆ ಅರ್ಧ ಆಸ್ಪತ್ರೆಯ ಕಾರಿಡಾರಿನಲ್ಲಿ ಆದದ್ದು. ಎದೆಯಲ್ಲಿ ಕಫ ಕಟ್ಟಿ ಅವನನ್ನು ಸೇರಿಸಿದ್ದೆವು. ಡಾಕ್ಟರು ಹಾಸಿಗೆಯ ಪಕ್ಕ ಕೂತು ಬಿಡಿಸಿ ಹೇಳಿದರು. ಈ ರೋಗಕ್ಕೆ ಮದ್ದಿಲ್ಲ, ಇವತ್ತಲ್ಲ ನಾಳೆ ಉಸಿರಾಡಿಸುವ ಸ್ನಾಯುಗಳೂ ನಿಲ್ಲುತ್ತವೆ. ಆಗ ಉಸಿರಿನ ಯಂತ್ರಕ್ಕೆ ಜೋಡಿಸಬಹುದು. ಜೋಡಿಸಿದರೆ ಬಹುಕಾಲ ಇರಬಹುದು, ಒಂದು ಬೆರಳೂ ಆಡದೆ, ಎಲ್ಲವೂ ತಿಳಿಯುತ್ತಾ. ಬೇಕೋ ಬೇಡವೋ ಈಗಲೇ ಹೇಳಿದರೆ ಬರೆದಿಡುತ್ತೇವೆ ಎಂದರು. ತಮ್ಮ ಬೇಡ ಅಂದ. ಆಗ ಮಾತು ಇಷ್ಟು ಕೆಟ್ಟಿರಲಿಲ್ಲ, ಸ್ಪಷ್ಟವಾಗೇ ಅಂದ. ಅವನಿಗೆ ಜ್ವರ ಇದೆ, ಈಗ ಕೇಳಬೇಡಿ ಎಂದು ನಾನು ಅಡ್ಡ ಬಾಯಿ ಹಾಕಿದೆ. ಅವನು ಬೇಡ ಅಂದಿದಾನೆ, ಬರ್ಕೊಳ್ಳಿ ಎಂದು ನೀನು ಹೇಳಿದೆ. ಮದುವೆಯಾದ ಮೇಲೆ ನೀನು ನನ್ನ ಮಾತಿಗೆ ಎದುರಾಡಿದ್ದು ಅದೊಂದೇ ಸಲ ಇರಬೇಕು. ಮೊದಲು ನೀವೆಲ್ಲ ಒಂದು ಮಾತಿಗೆ ಬನ್ನಿ, ಆಮೇಲೆ ಬರೆಯೋಣ ಎಂದು ಡಾಕ್ಟರು ಎದ್ದು ಹೋದರು. ಹೊರಗೆ ಬಂದು ನಾನು ಅಂದದ್ದನ್ನು ಇಲ್ಲಿ ಬರೆಯಲಾರೆ, ನೆಲ ಒರೆಸುತ್ತಿದ್ದವಳು ಬಕೆಟ್ ಬಿಟ್ಟು ನಿಂತುಬಿಟ್ಟಳು. ದಿನಾ ಅವನನ್ನು ಎತ್ತಿ ಸ್ನಾನ ಮಾಡಿಸುತ್ತಿದ್ದವನಿಗೆ, ಎತ್ತಿ ಎತ್ತಿ ಸಾಕಾಗಿದೆ, ಅದಕ್ಕೇ ಹೀಗಂತೀಯ ಅಂದೆ. ನೀನು ಟೂಲ್‌ಬಾಕ್ಸ್ ಎತ್ತಿಕೊಂಡು ಹೋದೆ. ಆಗ ನನಗೆ ಗೆದ್ದ ಹಾಗೆ ಅನ್ನಿಸಿತ್ತು.

ಇನ್ನರ್ಧ ಇದು. ಮನೆಗೆ ಬಂದ ಮೇಲೆ ತಮ್ಮ ಅದೇ ಮಾತು ತೆಗೆದ, ಡಾಕ್ಟರನ್ನು ಕರೆಸು, ಬರೆಸಿಬಿಡೋಣ ಎಂದು. ನಾನು ಚಿಕ್ಕಂದಿನ ಹಾಗೆ ಪಂಥ ಕಟ್ಟಿದೆ. ಮೊದಲು ಮಾವನನ್ನು ಸೋಲಿಸೋಣ, ಸೋಲಿಸಿದ ದಿನವೇ ಡಾಕ್ಟರನ್ನು ಕರೆಯುತ್ತೇನೆ, ಅಲ್ಲಿಯವರೆಗೆ ಆ ಮಾತು ಎತ್ತುವಂತಿಲ್ಲ. ಪಂಥ ಅಂದರೆ ಅವನು ಬಿಡುವವನಲ್ಲ, ಹೂಂ ಅಂದ. ಗೆಲುವು ಯಾರ ಬೆರಳಿನಲ್ಲಿದೆ ಎಂದು ನನಗೆ ಗೊತ್ತಿತ್ತು. ಬೆರಳು ನನ್ನ ಮಾತು ಕೇಳುವುದಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಎಷ್ಟೋ ಸಲ ಕೇಳುತ್ತಿತ್ತು. ಕೇಳಿದರೂ ಒತ್ತುತ್ತಿದ್ದೆ. ಸೋತರೆ ಅವನು ಇನ್ನೊಂದು ದಿನ ಆ ಮಾತು ಎತ್ತುತ್ತಿರಲಿಲ್ಲ, ನಾನು ಅದನ್ನಷ್ಟೇ ನೋಡಿದೆ.

ಅವನಿಗೆ ತಿಳಿದಿರಲಿಲ್ಲ ಅಂದುಕೊಳ್ಳಬೇಡ. ಹೋದ ವಾರ ಆಟ ಮುಗಿದ ಮೇಲೆ, ಅಕ್ಕಾ, ನೀನು ಮೋಸ ಮಾಡ್ತೀಯ, ಚಿಕ್ಕವಳಿದ್ದಾಗ್ಲೂ ಹೀಗೇ ಅಂದ. ಸಿಟ್ಟಿನಿಂದ ಅಂದಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ನಗುತ್ತಾ ಅಂದ. ಆಮೇಲೆ ಉಸಿರು ಕೂಡಿಸಿಕೊಂಡು, ಭಾವನ್ನ ಕರಿ, ಅವರು ನಿಲ್ತಾರೆ ಅಂದ. ಕರೆಯುತ್ತೇನೆ ಕರೆಯುತ್ತೇನೆ ಎಂದು ದಿನ ತಳ್ಳಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ, ನನಗೆ ಅದೂ ಸರಿಯಾಗಿ ಬಂದಿದೆಯೋ ಇಲ್ಲವೋ.

ನೀನು ಬಂದರೆ ಗೆದ್ದುಬಿಡುತ್ತೇವೆ ಎಂದು ನಿನ್ನನ್ನು ಪುಸಲಾಯಿಸುತ್ತಿಲ್ಲ. ನಂಬಿಕೆ ನನಗೇ ಇಲ್ಲ. ಗೆದ್ದರೂ ಕೈಗೆ ಬರುವುದೇನು ಎಂದು ನಿನಗೂ ಗೊತ್ತು. ಸೋತರೆ ಅವನು ಹಾಗೇ ಇರುತ್ತಾನೆ, ಗೆದ್ದರೆ ಇರುವುದಿಲ್ಲ. ನಡುವೆ ಇನ್ನೊಂದು ದಾರಿ ಇರಬಹುದು ಎಂದು ಇಷ್ಟು ದಿನ ಹುಡುಕಿದೆ, ಇಲ್ಲ. ಆದರೂ ಬಾ. ನನ್ನ ಮೇಲಿನ ಸಿಟ್ಟನ್ನು ಇಳಿಸಿ ಬರಬೇಕಾಗಿಲ್ಲ, ಜೊತೆಗೇ ಹೊತ್ತು ತಾ. ನಿನ್ನ ಜಾಗದಲ್ಲಿ ಬೇರೆ ಯಾರನ್ನು ನಿಲ್ಲಿಸಿದರೂ ನಾನು ಅವರನ್ನು ತಳ್ಳಿಕೊಂಡು ಹೋಗುತ್ತೇನೆ.

ನಿನ್ನ
(ಈ ಪದ ಹೊಡೆದು ಹಾಕುವುದಿದ್ದರೆ ನೀನೇ ಹೊಡೆದು ಹಾಕು, ನನ್ನ ಕೈಯಲ್ಲಿ ಆಗಲಿಲ್ಲ)
ಮುಲಾಮು

ತಾ.ಕ.: ಮನೆಗೆ ಹೋಗಬೇಡ, ನಾವು ಅಲ್ಲಿಲ್ಲ. ಅದೇ ಆಸ್ಪತ್ರೆ, ಅದೇ ಕಾರಿಡಾರು, ಇದನ್ನೆಲ್ಲ ಇಲ್ಲಿಯ ಬೆಂಚಿನ ಮೇಲೆ ಕೂತೇ ಬರೆದದ್ದು. ನಿನ್ನೆ ಬೆಳಿಗ್ಗೆ ಕುರ್ಚಿಯಲ್ಲೇ ಅವನಿಗೆ ಉಸಿರು ಕಟ್ಟಿತು. ಇಲ್ಲಿಗೆ ತರುವಷ್ಟರಲ್ಲಿ ಜ್ಞಾನ ಇರಲಿಲ್ಲ. ಇವರು ಮೊದಲೇ ಏನಾದರೂ ಬರೆಸಿಟ್ಟಿದ್ದಾರಾ ಎಂದು ಡಾಕ್ಟರು ಕೇಳಿದರು. ಇಲ್ಲ ಅಂದೆ. ಹಾಗಾದರೆ ಯಂತ್ರ ಹಾಕಬೇಕಾ ಎಂದು ಕೇಳುತ್ತಿದ್ದರು, ಅವರು ಕೇಳಿ ಮುಗಿಸುವ ಮೊದಲೇ ಹಾಕಿ ಅಂದೆ. ಈಗ ಎದೆ ಸರಿಯಾಗಿ ಏರಿಳಿಯುತ್ತಿದೆ. ಔಷಧದಿಂದಲೋ ಏನೋ, ಹೆಬ್ಬೆರಳು ಆಡುತ್ತಿಲ್ಲ. ಸಂಜೆ ನಿದ್ದೆಯ ಔಷಧ ನಿಲ್ಲಿಸಿ ಎಬ್ಬಿಸುತ್ತಾರಂತೆ. ಮಾತು ಬರುವುದಿಲ್ಲವಂತೆ, ಅಕ್ಷರದ ಹಲಗೆ ಎದುರಿಗೆ ಹಿಡಿದು ಅವನು ಯಾವ ಅಕ್ಷರ ನೋಡುತ್ತಾನೋ ಅದನ್ನು ಕೂಡಿಸಿ ಓದಬೇಕಂತೆ. ಹಲಗೆ ಹಿಡಿಯುವವರು ಯಾರು ಎಂದು ನರ್ಸ್ ಕೇಳಿದರು. ಅವನು ಮೊದಲು ಏನು ಹೇಳುತ್ತಾನೆ ಎಂದು ನನಗೆ ಗೊತ್ತು. ನಾನು ಹಿಡಿದರೆ, ನೀರು ಕೇಳುತ್ತಿದ್ದಾನೆ ಅನ್ನುತ್ತೇನೆ, ದಿಂಬು ಸರಿಮಾಡಿ ಅನ್ನುತ್ತಿದ್ದಾನೆ ಅನ್ನುತ್ತೇನೆ, ಡಾಕ್ಟರು ನಂಬುತ್ತಾರೆ. ಸಂಜೆಯೊಳಗೆ ಬಾ. ಹಲಗೆ ನೀನು ಹಿಡಿ.